ತೇಪೆ ಹಾಕುವ ದಿನಕ್ಕೆ ಮೊದಲು



ಜನ ‘ಹೃದಯದಲ್ಲಿ ತೂತು’ ಎನ್ನುವ ತೊಂದರೆಗಳಲ್ಲಿ ಹೆಚ್ಚಾಗಿ ಕಾಣುವುದು ಕೆಳಗಿನ ಎರಡು ಕೋಣೆಗಳ ನಡುಗೋಡೆಯಲ್ಲಿ ಉಳಿದ ಕಿಂಡಿ. ವೈದ್ಯರು ಅದನ್ನು ವಿಎಸ್‌ಡಿ ಎನ್ನುತ್ತಾರೆ. ಈ ಗೋಡೆ ಕಟ್ಟುವುದು ಬಸುರಿನ ಮೊದಲ ಎರಡು ತಿಂಗಳಲ್ಲಿ. ಗ್ರಹಣ ನೋಡಿದ್ದಕ್ಕೆ ಹೀಗಾಯಿತು ಎಂದು ತಾಯಿಯ ಮೇಲೆ ತಪ್ಪು ಹೊರಿಸುವ ಮಾತಿಗೆ ಯಾವ ಆಧಾರವೂ ಇಲ್ಲ.

ಚಿಕ್ಕ ಕಿಂಡಿ ಎಷ್ಟೋ ಸಲ ತಾನಾಗಿ ಮುಚ್ಚಿಕೊಳ್ಳುತ್ತದೆ. ದೊಡ್ಡದಾದರೆ ಶ್ವಾಸಕೋಶಕ್ಕೆ ಅತಿಯಾಗಿ ರಕ್ತ ನುಗ್ಗುತ್ತದೆ. ಎಳೆಗೂಸು ಎರಡು ಗುಟುಕು ಹಾಲು ಕುಡಿಯುವಷ್ಟರಲ್ಲಿ ದಣಿದು ಮೊಲೆ ಬಿಡುತ್ತದೆ, ಹಣೆಯೆಲ್ಲ ಬೆವರುತ್ತದೆ, ತೂಕ ಏರುವುದಿಲ್ಲ. ‘ಇನ್ನೊಂದಿಷ್ಟು ದೊಡ್ಡದಾಗಲಿ’ ಎಂದು ವೈದ್ಯರು ಹೇಳಿದ ಗಡುವು ಮೀರಿಸಿದರೆ ಶ್ವಾಸಕೋಶದ ರಕ್ತನಾಳಗಳು ಗಡುಸಾಗಿ, ಮುಂದೆ ಆಪರೇಷನ್ನಿನ ದಾರಿಯೇ ಮುಚ್ಚಬಹುದು.

1954ರಲ್ಲಿ ಅಮೆರಿಕದ ಮಿನೆಸೋಟದಲ್ಲಿ ಡಾ. ಲಿಲ್ಲೆಹೈ ಇಂಥ ಕಿಂಡಿಯನ್ನು ಮೊದಲು ಮುಚ್ಚಿದಾಗ, ಮಗುವಿನ ರಕ್ತ ಹರಿಸಲು ತಂದೆಯ ದೇಹವನ್ನೇ ಜೋಡಿಸಿದ್ದರು. ಈಗ ಆ ಕೆಲಸವನ್ನು ಯಂತ್ರ ಮಾಡುತ್ತದೆ. ಎದೆಮೂಳೆ ತೆರೆದು, ಹೃದಯವನ್ನು ಕೊಂಚ ಹೊತ್ತು ನಿಲ್ಲಿಸಿ, ಕಿಂಡಿಗೆ ತೇಪೆ ಹೊಲಿಯುತ್ತಾರೆ. ಖರ್ಚಿನ ದಾರಿಯನ್ನು ಅಂಗನವಾಡಿ, ಶಾಲೆಗಳಿಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡದಲ್ಲಿ ಮೊದಲೇ ವಿಚಾರಿಸುವುದು ಒಳ್ಳೆಯದು.

ದಿನ ಗೊತ್ತಾದ ಮೇಲೆ ಮುಖ್ಯ ಕೆಲಸ ಮಗುವಿನ ತೂಕ ಕಾಯುವುದು, ಸೋಂಕು ತಾಗದಂತೆ ನೋಡಿಕೊಳ್ಳುವುದು. ಜಾತ್ರೆ, ಮದುವೆಮನೆ ಬೇಡ. ಹುಳುಕು ಹಲ್ಲಿದ್ದರೆ ಮೊದಲೇ ತೋರಿಸಬೇಕು, ಬಾಯಿಯ ಸೋಂಕು ಹೃದಯಕ್ಕೆ ಇಳಿಯಬಲ್ಲದು. ದಿನ ತಪ್ಪೀತೆಂದು ನೆಗಡಿ, ಜ್ವರ ಮುಚ್ಚಿಡುವವರಿದ್ದಾರೆ. ಮುಚ್ಚಿಡಲೇಬಾರದು. ಕಫ ಕಟ್ಟಿದ ಎದೆಗೆ ಅರಿವಳಿಕೆ ಕೊಡುವುದು ಅಪಾಯ, ವೈದ್ಯರೇ ಕೆಲವು ವಾರ ಮುಂದೂಡಿದರೆ ನಷ್ಟವಿಲ್ಲ. ಆಪರೇಷನ್ನಿಗೆ ಮುಂಚೆ ಎಷ್ಟು ಗಂಟೆ ಹಾಲು, ನೀರು ಕೊಡಬಾರದೆಂಬುದನ್ನು ಬರೆಸಿಕೊಳ್ಳಬೇಕು. ಅಳುತ್ತದೆಂದು ಅಜ್ಜಿ ಕೊಟ್ಟ ಒಂದು ಬಿಸ್ಕತ್ತಿನಿಂದ ಅಂದಿನ ಆಪರೇಷನ್ನೇ ನಿಲ್ಲಬಹುದು.

ಮೂರು-ನಾಲ್ಕು ವರ್ಷದ ಮಗುವಿಗೆ ‘ಊರಿಗೆ ಹೋಗೋಣ’ ಎಂದು ಸುಳ್ಳು ಹೇಳಿ ಕರೆದೊಯ್ಯುವುದು ತಪ್ಪು. ಎಚ್ಚರವಾದಾಗ ಎದೆ ನೋಯುತ್ತಿರುತ್ತದೆ, ಸುತ್ತ ಗುರುತಿಲ್ಲದ ಮುಖಗಳು, ನಂಬಿದ ಅಮ್ಮನೇ ಮೋಸ ಮಾಡಿದಳೆಂದು ಮಗು ನೊಂದುಕೊಳ್ಳುತ್ತದೆ. ಒಂದೆರಡು ದಿನ ಮೊದಲು ಗೊಂಬೆಯ ಎದೆಗೆ ಪಟ್ಟಿ ಕಟ್ಟಿ ತೋರಿಸಿ, ‘ಡಾಕ್ಟರು ನಿದ್ದೆ ಬರಿಸುತ್ತಾರೆ, ಎದ್ದ ಮೇಲೆ ನೋವಾಗುತ್ತದೆ, ಔಷಧಿ ಕೊಡುತ್ತಾರೆ, ಅಮ್ಮ ಬರುತ್ತಾಳೆ’ ಎಂದರೆ ಸಾಕು. ನೋವೇ ಆಗುವುದಿಲ್ಲವೆಂಬ ಮಾತು ಮಾತ್ರ ಬಾರದಿರಲಿ.

ತಂದೆತಾಯಿಗೂ ತಯಾರಿ ಬೇಕು. ಐಸಿಯುನಲ್ಲಿ ಮಗುವಿನ ಬಾಯಲ್ಲಿ ಉಸಿರಾಟದ ನಳಿಕೆ, ಎದೆಯ ಕೆಳಗೆ ರಕ್ತ ಬಸಿಯುವ ಕೊಳವೆ, ಮುಖ ಕೊಂಚ ಊದಿರುತ್ತದೆ. ನಳಿಕೆ ಇರುವಷ್ಟು ಹೊತ್ತು ಅತ್ತರೂ ದನಿ ಬರದು. ಇದನ್ನು ಮೊದಲೇ ತಿಳಿದವರು ಹತ್ತಿರ ಹೋಗಿ ಕೈ ಹಿಡಿಯುತ್ತಾರೆ, ತಿಳಿಯದವರು ಬಾಗಿಲಲ್ಲೇ ಕುಸಿಯುತ್ತಾರೆ.

ಮನೆಗೆ ಬಂದ ಮೇಲೆ ಎದೆಮೂಳೆ ಕೂಡಲು ಆರರಿಂದ ಎಂಟು ವಾರ ಬೇಕು. ಅಲ್ಲಿಯವರೆಗೆ ಕಂಕುಳಿಗೆ ಕೈ ಹಾಕಿ ಎತ್ತದೆ, ಒಂದು ಕೈ ಬೆನ್ನಿಗೆ, ಇನ್ನೊಂದು ಕುಂಡೆಯ ಕೆಳಗೆ ಕೊಟ್ಟು ಎತ್ತಬೇಕು.