ಸ್ಪೋರ್ಟ್ ಮೋಡ್: ಬದಲಾಗುವುದೆಷ್ಟು, ಬದಲಾದಂತೆ ಅನ್ನಿಸುವುದೆಷ್ಟು

ವೇಗಕ್ಕೆಂದೇ ರೂಪಿಸಲಾದ ಇಂದಿನ ಕಾರುಗಳಲ್ಲಿ ಕಂಫರ್ಟ್, ಸ್ಪೋರ್ಟ್, ಸ್ಪೋರ್ಟ್ ಪ್ಲಸ್ ಮುಂತಾದ ಚಾಲನಾ ಮೋಡ್‌ಗಳು ಇಲ್ಲದಿರುವುದೇ ಅಪರೂಪ. ಬಟನ್ ಒತ್ತಿದ ಕ್ಷಣದಲ್ಲಿ ಕಾರು ಬೇರೆಯದೇ ಆಗಿಬಿಟ್ಟಿತೆಂಬ ಭಾವನೆ ಹುಟ್ಟುವುದು ಸಹಜವಾದರೂ, ಅಂಥ ಕಾರನ್ನು ನಗರದಲ್ಲಿ, ಹೆದ್ದಾರಿಯಲ್ಲಿ, ಘಾಟಿಯಲ್ಲಿ ಬಹುಕಾಲ ಓಡಿಸಿದವರಿಗೆ ಕ್ರಮೇಣ ತಿಳಿಯುವ ಸಂಗತಿಯೆಂದರೆ, ಎಂಜಿನ್ನಿನ ಬಲ ಹೆಚ್ಚುಕಡಿಮೆ ಇದ್ದಷ್ಟೇ ಇದ್ದು, ಚಾಲಕನ ಕೈಕಾಲುಗಳ ಅಪ್ಪಣೆಯನ್ನು ಯಂತ್ರ ಅರ್ಥೈಸಿಕೊಳ್ಳುವ ಬಗೆ ಮಾತ್ರ ಬದಲಾಗಿರುತ್ತದೆ ಎಂಬುದು.

ಈ ವ್ಯವಸ್ಥೆಯ ಅತಿ ಸರಳ ರೂಪ, ಇ46 ಎಂಬ ಸಂಕೇತದಿಂದ ಗುರುತಿಸಲಾಗುವ ಬಿಎಂಡಬ್ಲ್ಯು ಎಂ3 ಪೀಳಿಗೆಯಲ್ಲಿ, ಅಂದರೆ 2000ದಿಂದ ತಯಾರಾದ ಕಾರುಗಳಲ್ಲಿ, ಕಾಣಸಿಗುತ್ತದೆ. ಆರು ಸಿಲಿಂಡರುಗಳ ಅದರ 3.2 ಲೀಟರ್ ಎಂಜಿನ್ 343 ಅಶ್ವಶಕ್ತಿ ನೀಡುತ್ತಿತ್ತು. ಸ್ಪೋರ್ಟ್ ಬಟನ್ ಒತ್ತಿದರೂ ಅಷ್ಟೇ ನೀಡುತ್ತಿತ್ತು. ಬದಲಾಗುತ್ತಿದ್ದುದು ಆಕ್ಸಿಲರೇಟರ್ ಪೆಡಲಿಗೂ ಥ್ರಾಟಲಿಗೂ ಇರುವ ಸಂಬಂಧ. ಥ್ರಾಟಲ್ ಎಂದರೆ ಎಂಜಿನ್ನಿಗೆ ಹೋಗುವ ಗಾಳಿಯನ್ನು ನಿಯಂತ್ರಿಸುವ ಕವಾಟ. ಹಳೆಯ ಕಾರುಗಳಲ್ಲಿ ಅದನ್ನು ಕೇಬಲ್ ಎಳೆಯುತ್ತಿತ್ತು. ವಿದ್ಯುನ್ಮಾನ ಥ್ರಾಟಲ್ ಬಂದ ಮೇಲೆ ಪೆಡಲ್ ಎಷ್ಟು ಇಳಿದಿದೆ ಎಂಬುದನ್ನು ಸೆನ್ಸರ್ ಓದಿ ಕಂಪ್ಯೂಟರಿಗೆ ತಿಳಿಸುತ್ತದೆ, ಕವಾಟವನ್ನು ಎಷ್ಟು ತೆರೆಯಬೇಕೆಂಬುದನ್ನು ಕಂಪ್ಯೂಟರ್ ನಿರ್ಧರಿಸುತ್ತದೆ. ಸ್ಪೋರ್ಟ್‌ನಲ್ಲಿ ಪೆಡಲಿನ ಮೊದಲ ಅಲ್ಪ ಚಲನೆಗೇ ಕವಾಟ ಹೆಚ್ಚು ತೆರೆದುಕೊಳ್ಳುವುದರಿಂದ ಕಾರು ಮುನ್ನುಗ್ಗಿದಂತೆ ಭಾಸವಾಗುತ್ತದೆ, ಆದರೆ ಪೆಡಲನ್ನು ತಳಕ್ಕೆ ಒತ್ತಿದಾಗ ಎರಡು ಮೋಡ್‌ಗಳ ನಡುವೆ ಭೇದ ಉಳಿಯುವುದಿಲ್ಲ. ಅಷ್ಟೇ ಅಲ್ಲ, ಮೊದಲ ಭಾಗದಲ್ಲಿ ಚುರುಕುತನವನ್ನೆಲ್ಲ ಖರ್ಚು ಮಾಡಿದ ಪೆಡಲಿನಲ್ಲಿ ಉಳಿದ ಚಲನೆ ಬಹುಮಟ್ಟಿಗೆ ನಿಷ್ಪ್ರಯೋಜಕವಾಗುತ್ತದೆ. ತಿರುವಿನ ನಡುವೆ ಚಕ್ರ ಗುಂಡಿಗೆ ಇಳಿದು ಪಾದ ಅದುರಿದರೆ ಆ ಅದುರನ್ನೂ ಎಂಜಿನ್ ಆಜ್ಞೆಯೆಂದೇ ಪಾಲಿಸುತ್ತದೆ.

ಇದಕ್ಕೊಂದು ಸೊಗಸಾದ ಅಪವಾದವುಂಟು. ಅದೇ ಬಿಎಂಡಬ್ಲ್ಯುವಿನ ಇ60 ಪೀಳಿಗೆಯ ಎಂ5 ಕಾರಿನ ಹತ್ತು ಸಿಲಿಂಡರುಗಳ, ಐದು ಲೀಟರಿನ ಎಂಜಿನ್ನಿಗೆ 507 ಅಶ್ವಶಕ್ತಿಯಿದ್ದರೂ, ಕಾರನ್ನು ಪ್ರತಿಸಲ ಸ್ಟಾರ್ಟ್ ಮಾಡಿದಾಗ ಅದು 400ಕ್ಕೆ ಸೀಮಿತವಾಗಿರುತ್ತಿತ್ತು. ಉಳಿದುದನ್ನು ಬಟನ್ ಒತ್ತಿಯೇ ಪಡೆಯಬೇಕಿತ್ತು. ದುಡ್ಡು ಕೊಟ್ಟು ತಂದ ನೂರೇಳು ಕುದುರೆಗಳನ್ನು ದಿನಾ ಲಾಯದಿಂದ ಬಿಡಿಸಿಕೊಳ್ಳಬೇಕಾದ ಈ ವ್ಯವಸ್ಥೆ ಕೆಲವು ಮಾಲೀಕರಿಗೆ ಕಿರಿಕಿರಿಯೆನಿಸಿರಬಹುದಾದರೂ, ಮೋಡ್ ಬದಲಿಸಿದರೆ ಶಕ್ತಿಯೇ ಬದಲಾಗುತ್ತದೆ ಎಂಬ ಮಾತು ಅಕ್ಷರಶಃ ನಿಜವಾಗಿದ್ದ ಕೆಲವೇ ಕಾರುಗಳಲ್ಲಿ ಅದೊಂದು.

ಗೇರ್‌ಬಾಕ್ಸಿನಲ್ಲಿ ಆಗುವ ಬದಲಾವಣೆಗೆ ಹೆಚ್ಚು ಹುರುಳಿದೆ. ಟರ್ಬೊ ಎಂದರೆ ಎಕ್ಸಾಸ್ಟ್ ಅನಿಲದ ರಭಸದಿಂದ ತಿರುಗಿ ಎಂಜಿನ್ನಿಗೆ ಹೆಚ್ಚುವರಿ ಗಾಳಿ ತುಂಬುವ ಸಾಧನ. ಎಂಜಿನ್ ನಿಧಾನವಾಗಿ ತಿರುಗುತ್ತಿರುವಾಗ ಅದು ಎಚ್ಚೆತ್ತುಕೊಳ್ಳಲು ತುಸು ಹೊತ್ತು ಹಿಡಿಯುತ್ತದೆ. ಸ್ಪೋರ್ಟ್ ಮೋಡ್ ಕೆಳಗಿನ ಗೇರನ್ನೇ ಹಿಡಿದುಕೊಂಡು ಎಂಜಿನ್ನಿನ ತಿರುಗುವಿಕೆಯನ್ನು ಮೇಲೆಯೇ ಇಟ್ಟಿರುವುದರಿಂದ, ದ್ವಿಪಥ ರಸ್ತೆಯಲ್ಲಿ ಲಾರಿಯನ್ನು ಹಿಂದಿಕ್ಕುವಾಗ ಆ ವಿಳಂಬ ನಿಜವಾಗಿಯೂ ಕಡಿಮೆಯಾಗುತ್ತದೆ. ಸಮಗತಿಯ ಹೆದ್ದಾರಿಯಲ್ಲಿ ಮಾತ್ರ ಅದು ಪೆಟ್ರೋಲನ್ನು ಸುಮ್ಮನೆ ಸುಡುವ ದಾರಿ. ಸದ್ದಿನ ವಿಷಯದಲ್ಲಿ ಹೆಚ್ಚು ಹೇಳಬೇಕಾದ್ದಿಲ್ಲ: ಎಕ್ಸಾಸ್ಟ್ ಕೊಳವೆಯೊಳಗಿನ ಕವಾಟಗಳು ತೆರೆದು ಗರ್ಜನೆ ಹೆಚ್ಚುತ್ತದೆ, 2011ರ ಎಂ5ನಂಥ ಕಾರುಗಳಲ್ಲಿ ಸ್ಪೀಕರುಗಳೂ ಎಂಜಿನ್ನಿನ ದನಿಗೆ ದನಿಗೂಡಿಸುತ್ತವೆ, ಕಿವಿ ಅದನ್ನು ವೇಗವೆಂದು ನಂಬುತ್ತದೆ.

ಸ್ಟಿಯರಿಂಗ್ ಕೂಡ ಇದೇ ಬಗೆಯಲ್ಲಿ ಮೋಸಗೊಳಿಸಬಲ್ಲದು. 2014ರ ಎಂ3ನಲ್ಲಿ ತೈಲದ ಒತ್ತಡದ ಬದಲು ವಿದ್ಯುತ್ ಮೋಟರಿನ ನೆರವು ಬಂದಾಗ ಅದಕ್ಕೂ ಕಂಫರ್ಟ್, ಸ್ಪೋರ್ಟ್, ಸ್ಪೋರ್ಟ್ ಪ್ಲಸ್ ಎಂಬ ಮೂರು ಹಂತಗಳು ಬಂದವು. ಮೇಲಿನ ಹಂತದಲ್ಲಿ ಮೋಟರ್ ನೆರವನ್ನು ಕಡಿಮೆ ಮಾಡಿ ಸ್ಟಿಯರಿಂಗ್ ಚಕ್ರವನ್ನು ಭಾರವಾಗಿಸುತ್ತದೆ. ಆದರೆ ಟೈರಿನ ಹಿಡಿತ ಎಷ್ಟಿದೆ ಎಂಬ ಸುದ್ದಿ ಅಂಗೈಗೆ ತಲುಪುವುದು ಈ ಭಾರದಿಂದ ಹೆಚ್ಚುವುದಿಲ್ಲ, ಕೆಲವೊಮ್ಮೆ ಅದರಡಿಯಲ್ಲಿ ಹೂತೇಹೋಗುತ್ತದೆ.

ಎಲ್ಲಕ್ಕಿಂತ ಹೆಚ್ಚು ತಪ್ಪು ತಿಳಿವಳಿಕೆ ಇರುವುದು ಡ್ಯಾಂಪರ್ ಕುರಿತು. ಜನರು ಶಾಕ್ ಅಬ್ಸಾರ್ಬರ್ ಎಂದು ಕರೆಯುವ ಈ ಭಾಗ ವಾಸ್ತವವಾಗಿ ಹೊಡೆತವನ್ನು ಹೊರುವುದಿಲ್ಲ, ಅದನ್ನು ಹೊರುವುದು ಸ್ಪ್ರಿಂಗ್. ಕುಗ್ಗಿದ ಸ್ಪ್ರಿಂಗ್ ಮತ್ತೆ ಮತ್ತೆ ಪುಟಿಯದಂತೆ ತಡೆದು ಅದರ ಶಕ್ತಿಯನ್ನು ತೈಲದ ಬಿಸಿಯಾಗಿ ಪರಿವರ್ತಿಸುವುದಷ್ಟೇ ಡ್ಯಾಂಪರಿನ ಕೆಲಸ. ಸ್ಪೋರ್ಟ್ ಮೋಡಿನಲ್ಲಿ ಉಕ್ಕಿನ ಸ್ಪ್ರಿಂಗ್ ಇದ್ದ ಹಾಗೆಯೇ ಇರುತ್ತದೆ. ಡ್ಯಾಂಪರಿನೊಳಗಿನ ತೈಲದ ಹಾದಿಯನ್ನು ವಿದ್ಯುತ್ ಕವಾಟ ಕಿರಿದಾಗಿಸುತ್ತದೆ. 2002ರಲ್ಲಿ ಅಮೆರಿಕದ ಕ್ಯಾಡಿಲಾಕ್ ಸೆವಿಲ್ ಕಾರಿನಲ್ಲಿ ಮೊದಲು ಬಂದ ಇನ್ನೊಂದು ವಿಧಾನದಲ್ಲಿ ಕವಾಟವೂ ಇಲ್ಲ, ತೈಲದಲ್ಲಿ ಬೆರೆಸಿದ ಕಬ್ಬಿಣದ ಕಣಗಳನ್ನು ಕಾಂತಕ್ಷೇತ್ರ ಸಾಲುಗಟ್ಟಿಸಿ ಆ ತೈಲವನ್ನೇ ಗಟ್ಟಿಗೊಳಿಸುತ್ತದೆ. ನುಣುಪಾದ ರೇಸ್ ಟ್ರ್ಯಾಕಿನಲ್ಲಿ ಗಡುಸು ಡ್ಯಾಂಪರ್ ಕಾರಿನ ವಾಲಾಟವನ್ನು ತಡೆದು ಚಾಲಕನ ಸೂಚನೆಗೆ ಚುರುಕಾಗಿ ಸ್ಪಂದಿಸುತ್ತದೆ. ಉಬ್ಬುತಗ್ಗುಗಳ ರಸ್ತೆಯಲ್ಲಿ ಅದೇ ಗಡುಸು ಚಕ್ರವನ್ನು ನೆಲದ ಏರಿಳಿತ ಅನುಸರಿಸಲು ಬಿಡದೆ ಕ್ಷಣಕಾಲ ಗಾಳಿಯಲ್ಲಿ ತೇಲಿಸುತ್ತದೆ, ನೆಲ ಬಿಟ್ಟ ಟೈರಿಗಂತೂ ಹಿಡಿತವೆಂಬುದಿಲ್ಲ. ಜರ್ಮನಿಯ ನ್ಯೂರ್‌ಬರ್ಗ್‌ರಿಂಗ್‌ನ ಇಪ್ಪತ್ತು ಕಿಲೋಮೀಟರಿಗೂ ಉದ್ದದ ಉತ್ತರ ಸುತ್ತು ಇಂಥ ಏರಿಳಿತಗಳಿಗೇ ಹೆಸರಾಗಿರುವುದರಿಂದ, ಅಲ್ಲಿ ಪಳಗಿದ ಅನೇಕ ಚಾಲಕರು ಎಂಜಿನ್ನನ್ನು ಚುರುಕಾಗಿಟ್ಟು ಡ್ಯಾಂಪರುಗಳನ್ನು ಮೆತ್ತಗೇ ಇಡುತ್ತಾರೆ. ಫೆರಾರಿ ಕಂಪನಿ ತನ್ನ 458 ಇಟಾಲಿಯಾ ಕಾರಿನಲ್ಲಿ, ಉಳಿದೆಲ್ಲವೂ ರೇಸ್ ಮೋಡಿನಲ್ಲಿದ್ದಾಗಲೂ ಡ್ಯಾಂಪರುಗಳನ್ನಷ್ಟೇ ಸಡಿಲಿಸುವ ಪ್ರತ್ಯೇಕ ಬಟನ್ ಇಟ್ಟದ್ದೂ ಇದೇ ಕಾರಣಕ್ಕೆ. ತೇಪೆ ಹಾಕಿದ ಡಾಂಬರು, ದಿಢೀರನೆ ಎದುರಾಗುವ ಹಂಪು, ಒಂದರ ಬೆನ್ನಿಗೊಂದು ಹೇರ್‌ಪಿನ್ ತಿರುವುಗಳಿರುವ ಚಾರ್ಮಾಡಿಯಂಥ ಘಾಟಿಗೆ ಈ ಪಾಠ ನ್ಯೂರ್‌ಬರ್ಗ್‌ರಿಂಗ್‌ಗಿಂತಲೂ ಹೆಚ್ಚು ಅನ್ವಯಿಸುತ್ತದೆ.

ಆದ್ದರಿಂದಲೇ ಅನುಭವಿಗಳು ಸಿದ್ಧ ಮೋಡ್‌ಗಳನ್ನು ಇಡಿಯಾಗಿ ಒಪ್ಪಿಕೊಳ್ಳದೆ, ಇಂಡಿವಿಜುಯಲ್ ಎಂಬ ಹೆಸರಿನಲ್ಲಿ ಪ್ರತಿ ಅಂಗವನ್ನೂ ಬೇರೆಬೇರೆಯಾಗಿ ಹೊಂದಿಸಿಕೊಳ್ಳುವ ಸೌಲಭ್ಯವನ್ನು ಬಳಸುವುದು. 2014ರ ಎಂ3ನ ಸ್ಟಿಯರಿಂಗ್ ಮೇಲಿದ್ದ ಎರಡು ಬಟನ್‌ಗಳು ಅಂಥ ಎರಡು ಜೋಡಣೆಗಳನ್ನು ನೆನಪಿನಲ್ಲಿಟ್ಟುಕೊಳ್ಳುತ್ತಿದ್ದವು. ಎಂಜಿನ್ ಸ್ಪೋರ್ಟ್, ಡ್ಯಾಂಪರ್ ಮತ್ತು ಸ್ಟಿಯರಿಂಗ್ ಕಂಫರ್ಟ್, ಗೇರು ಚಾಲಕನ ಕೈಯಲ್ಲಿ ಎಂಬ ಹೊಂದಾಣಿಕೆ ಜಾಹೀರಾತಿಗೆ ಒಗ್ಗದಿರಬಹುದು, ಒಣ ಘಾಟಿ ರಸ್ತೆಗೆ ಚೆನ್ನಾಗಿಯೇ ಒಗ್ಗುತ್ತದೆ.

ಮಳೆಗಾಲದಲ್ಲಿ ಈ ಲೆಕ್ಕವೂ ತಲೆಕೆಳಗಾಗುತ್ತದೆ. ಚಾಲಕ ತಿರುಗಿಸಿದಷ್ಟೇ ಕಾರು ತಿರುಗುತ್ತಿದೆಯೇ ಎಂದು ಸೆನ್ಸರುಗಳಿಂದ ಅಳೆದು, ತಪ್ಪಿದಾಗ ಒಂದೊಂದೇ ಚಕ್ರಕ್ಕೆ ಬ್ರೇಕ್ ಹಾಕಿ ಎಂಜಿನ್ನಿನ ಬಲ ತಗ್ಗಿಸುವ ಸ್ಥಿರತಾ ನಿಯಂತ್ರಣ, ಹಲವು ಕಾರುಗಳ ತೀವ್ರ ಮೋಡ್‌ಗಳಲ್ಲಿ ತಡವಾಗಿ ಮಧ್ಯಪ್ರವೇಶಿಸುವಂತೆ ಹೊಂದಿಸಲ್ಪಟ್ಟಿರುತ್ತದೆ. ಬಿಸಿಲಿನ ಟ್ರ್ಯಾಕಿನಲ್ಲಿ ಸ್ವಾತಂತ್ರ್ಯವೆನಿಸುವ ಆ ವಿಳಂಬ, ಎಲೆ ಕೊಳೆತು ಜಾರುವ ಮಲೆನಾಡಿನ ರಸ್ತೆಯಲ್ಲಿ ತಿದ್ದಿಕೊಳ್ಳುವ ಅವಕಾಶವನ್ನೇ ಕಸಿದುಕೊಳ್ಳುತ್ತದೆ. ಅಲ್ಲಿ ಕಂಫರ್ಟ್ ಮೋಡಿನ ಮಂದ ಪೆಡಲ್ ಕೊರತೆಯಾಗಿರದೆ, ಹಿಂಚಕ್ರಗಳಿಗೆ ಎಂಜಿನ್ನಿನ ಬಲವನ್ನು ತುಸುತುಸುವೇ ಬಡಿಸಲು ಕಾಲಿಗೆ ಸಿಗುವ ಉದ್ದನೆಯ ಅಳತೆಗೋಲಾಗುತ್ತದೆ.