ತೊರಪಳ್ಳಿ ಕಡೆ ಒಮ್ಮೆ ನೋಡಿ

ಕೋಡಿಂಗ್, ಗಿಟಾರು, ಷೇರು ಎಲ್ಲಕ್ಕೂ ಕೈ ಹಾಕಿ ಯಾವುದೂ ಹತ್ತಲಿಲ್ಲವೆಂದು ಬೇಸತ್ತು ನಮಗೆ ಪತ್ರ ಬರೆದಿರುವ ಹೊಸೂರಿನ ಓದುಗರೊಬ್ಬರು ಪಕ್ಕದ ತೊರಪಳ್ಳಿಯನ್ನು ನೆನೆಯಬಹುದು.

1878ರಲ್ಲಿ ಅಲ್ಲಿ ಹುಟ್ಟಿದ ರಾಜಾಜಿ ಹೊಸೂರಿನಲ್ಲಿ, ಆಮೇಲೆ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿದರು. ಸೇಲಂನಲ್ಲಿ ಹೆಸರು ಮಾಡಿದ ವಕೀಲಿಯನ್ನು ಅಸಹಕಾರ ಚಳವಳಿಗಾಗಿ ಬಿಟ್ಟರು. 1948ರಲ್ಲಿ ಭಾರತದ ಗವರ್ನರ್ ಜನರಲ್ ಆದರು. ಹುದ್ದೆಗಳು ಬಂದವು, ಹೋದವು. ಸರಳವಾಗಿ ಬರೆಯುವ ಶಕ್ತಿಯನ್ನು ಮಾತ್ರ ಅವರು ಕೈಬಿಡಲಿಲ್ಲ. ಅವರು ಬರೆದ ತಮಿಳು ರಾಮಾಯಣಕ್ಕೆ 1958ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಾಗ ವಯಸ್ಸು ಎಂಬತ್ತರ ಹತ್ತಿರ. (ಮೂವತ್ತಕ್ಕೇ ತಡವಾಯಿತೆಂಬುದು ನಮ್ಮ ಓದುಗರ ಅಳಲು!)

ಹಾಗೆಯೇ ಈ ಓದುಗರೂ ತಮ್ಮಲ್ಲಿ ಈಗಾಗಲೇ ಇರುವ ಶಕ್ತಿಯನ್ನೇ ಹಿಡಿದುಕೊಳ್ಳಲಿ; ಹೊಸ ಕೋರ್ಸು ಸದ್ಯಕ್ಕೆ ಬೇಡ.

ಆ ಶಕ್ತಿ ಯಾವುದೆಂಬುದಕ್ಕೆ ಅವರ ಪತ್ರದಲ್ಲೇ ಸುಳಿವಿದೆ: ಕೆಟ್ಟ ಯಂತ್ರದ ದೋಷವನ್ನು ಕಿರಿಯರಿಗೆ ಬಿಡಿಸಿ ಹೇಳಲು ಕಾರ್ಖಾನೆಯಲ್ಲಿ ಎಲ್ಲರೂ ಇವರನ್ನೇ ಹುಡುಕುತ್ತಾರೆ. ವಾರಕ್ಕೆರಡು ಸಂಜೆ, ಮೊಬೈಲ್ ಬದಿಗಿಟ್ಟು, ಆರು ತಿಂಗಳು ಆ ಕಲಿಸುವ ಕೆಲಸವನ್ನೇ ಮಾಡಲಿ; ಆಮೇಲೆ ಮತ್ತೊಂದು ಪತ್ರ ಬರೆಯಲಿ.