ಯಂತ್ರವನ್ನು ನಿಲ್ಲಿಸುವ ವಿದ್ಯೆ

ಓದತಕ್ಕ ವೇದಭಾಗಗಳು: ವಿಮೋಚನಕಾಂಡ 31:1–17, ಧರ್ಮೋಪದೇಶಕಾಂಡ 22:8.

ದೇವರು ತನ್ನ ಗುಡಾರದ ಕೆಲಸಕ್ಕಾಗಿ ಬೆಚಲೇಲನನ್ನು ಹೆಸರು ಹಿಡಿದು ಕರೆದು, ಬಂಗಾರ, ಬೆಳ್ಳಿ, ತಾಮ್ರಗಳನ್ನು ರೂಪಿಸುವ ಜ್ಞಾನವನ್ನು ಅವನಿಗೆ ಅನುಗ್ರಹಿಸಿದನೆಂದು ಮೇಲ್ಕಂಡ ಅಧ್ಯಾಯದಲ್ಲಿ ಓದುತ್ತೇವೆ. ಕೈಕೆಲಸವು ದೇವರ ವರವೆಂಬದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಆದರೆ ಆ ಕೆಲಸದ ಮಾತು ಮುಗಿದ ಕೂಡಲೇ ಸಬ್ಬತ್ತಿನ ಆಜ್ಞೆ ಬರುತ್ತದೆಂಬದನ್ನು ನಮ್ಮಲ್ಲಿ ಅನೇಕರು ಗಮನಿಸುವದಿಲ್ಲ. ಕೆಲಸ ಮಾಡುವ ಕೈಯನ್ನು ಕೊಟ್ಟಾತನೇ ಅದನ್ನು ನಿಲ್ಲಿಸುವ ಅಪ್ಪಣೆಯನ್ನೂ ಕೊಟ್ಟನು. ಕಬ್ಬಿಣದ ಯಂತ್ರಗಳ ಬಳಿಗೆ ಹೋಗುವ ನಮ್ಮ ಯೌವನಸ್ಥರು ಮೊದಲು ಕಲಿಯತಕ್ಕದ್ದು ಇದನ್ನೇ.

ನಮ್ಮ ಸಭೆಗಳಿಗೆ ಈ ಕಸಬು ಹೊಸದಲ್ಲ. ಕ್ರಿಸ್ತನನ್ನು ಅಂಗೀಕರಿಸಿದವರು ಮನೆಯನ್ನೂ ಹೊಲವನ್ನೂ ಕಳಕೊಂಡಾಗ, ಬಾಸೆಲ್ ಮಿಶನಿನವರು ಅವರ ಜೀವನೋಪಾಯಕ್ಕಾಗಿ ಮಂಗಳೂರಿನಲ್ಲಿ ನೇಯಿಗೆಯನ್ನೂ, 1865ರಲ್ಲಿ ಹಂಚಿನ ಕಾರ್ಖಾನೆಯನ್ನೂ, 1874ರಲ್ಲಿ ಯಂತ್ರದ ಕಾರ್ಯಾಗಾರವನ್ನೂ ಸ್ಥಾಪಿಸಿದರು. ಈಗ ಹಳ್ಳಿಯ ಹುಡುಗರು ಬಸ್ಸು ಹತ್ತುವದು ಹೆಚ್ಚಾಗಿ ಬೆಂಗಳೂರಿಗೆ. ಆ ಪಟ್ಟಣದ ದಕ್ಷಿಣ ಭಾಗದಲ್ಲಿ, ಹೊಸೂರು ರಸ್ತೆಯ ಸರಕಾರಿ ಕೈಗಾರಿಕಾ ತರಬೇತಿ ಸಂಸ್ಥೆಯು ಕಸಬುಗಳನ್ನು ಕಲಿಸುತ್ತದೆ; ಜೆ.ಪಿ. ನಗರದ ಸಾರಕ್ಕಿ ಕೈಗಾರಿಕಾ ಬಡಾವಣೆಯಲ್ಲಿಯೂ ಕನಕಪುರ ರಸ್ತೆಯ ಯಲಚೇನಹಳ್ಳಿಯಲ್ಲಿಯೂ ಚಿಕ್ಕ ಕಾರ್ಯಾಗಾರಗಳುಂಟು. ಹತ್ತನೆಯ ತರಗತಿ ಮುಗಿಸಿದವನು ಟರ್ನರ್ ಕಸಬನ್ನು ಎರಡು ವರ್ಷಗಳಲ್ಲಿ ಕಲಿಯಬಹುದು. ಅನೇಕರು ಶಾಲೆಗೆ ಹೋಗದೆ ನೇರವಾಗಿ ಅಂಗಡಿಯಲ್ಲಿಯೇ ಕಲಿಯುತ್ತಾರೆ. ಈ ಪಾಠವು ಇವರಿಗೆ ಇನ್ನೂ ಅಗತ್ಯವಾದದ್ದು.

ಲೇತ್ ಎಂಬ ಯಂತ್ರವನ್ನು ಹೀಗೆ ತಿಳಿಯಬಹುದು. ಕುಂಬಾರನ ಚಕ್ರದಲ್ಲಿ ಮಣ್ಣು ತಿರುಗುತ್ತದೆ, ಕೈ ಅದನ್ನು ರೂಪಿಸುತ್ತದೆ. ಲೇತಿನಲ್ಲಿ ಚಕ್ ಎಂಬ ಹಿಡಿಯು ಕಬ್ಬಿಣದ ತುಂಡನ್ನು ಬಿಗಿದು ತಿರುಗಿಸುತ್ತದೆ, ಗಟ್ಟಿ ಉಕ್ಕಿನ ಉಳಿಯು ಅದನ್ನು ಕೊರೆಯುತ್ತದೆ. ಆದರೆ ಮಣ್ಣಿನಂತೆ ಕಬ್ಬಿಣವು ಕೈಯನ್ನು ಕ್ಷಮಿಸುವದಿಲ್ಲ. ಲೆಕ್ಕವನ್ನು ನೋಡಿರಿ. ಮೆದು ಉಕ್ಕನ್ನು ಸಾಧಾರಣ ಹೈಸ್ಪೀಡ್ ಉಳಿಯಿಂದ ಕೊರೆಯುವಾಗ ಅದರ ಮೇಲ್ಮೈ ನಿಮಿಷಕ್ಕೆ ಸುಮಾರು 25 ಮೀಟರ್ ಓಡುತ್ತದೆ. 25 ಮಿಲಿಮೀಟರ್ ದಪ್ಪದ ಸಲಾಕೆಯಾದರೆ ನಿಮಿಷಕ್ಕೆ ಸುಮಾರು 318 ಸುತ್ತು, ಅಂದರೆ ಕ್ಷಣಕ್ಕೆ ಐದು ಸುತ್ತಿಗಿಂತ ಹೆಚ್ಚು. ಇದಕ್ಕೆ ಅಂಗಿಯ ತೋಳು ಸಿಕ್ಕಿದರೆ ಒಂದೇ ಕ್ಷಣದಲ್ಲಿ 40 ಸೆಂಟಿಮೀಟರ್ ಬಟ್ಟೆಯು, ಹೆಚ್ಚುಕಡಿಮೆ ಒಂದು ಮೊಳವು, ಸುತ್ತಿಕೊಳ್ಳುತ್ತದೆ. ಬಟ್ಟೆಯ ಹಿಂದೆ ಕೈ ಬರುತ್ತದೆ. ಆಗ ಗುಂಡಿಯನ್ನು ಹುಡುಕಲು ವೇಳೆ ಇರುವದಿಲ್ಲ. ಆದಕಾರಣ ನಿಲ್ಲಿಸುವ ವಿದ್ಯೆಯು ಓಡಿಸುವದಕ್ಕಿಂತ ಮೊದಲೇ ಬೇಕು. ಅದು ಏನೆಂಬದನ್ನು ಕ್ರಮವಾಗಿ ಹೇಳುವೆವು.

ಒಂದನೆಯದು. ಹೊಸ ಯಂತ್ರದ ಮುಂದೆ ನಿಂತ ದಿನ, ಅದನ್ನು ನಿಲ್ಲಿಸುವ ಕೆಂಪು ಗುಂಡಿ ಎಲ್ಲಿದೆ ಎಂದು ಕೇಳಿ, ನೋಡದೆಯೇ ಕೈ ಅಲ್ಲಿಗೆ ಹೋಗುವ ವರೆಗೂ ಅಭ್ಯಾಸ ಮಾಡಬೇಕು.

ಎರಡನೆಯದು. ಸಡಿಲವಾದದ್ದೇನೂ ಮೈಮೇಲೆ ಇರಬಾರದು. ತೋಳನ್ನು ಮೊಳಕೈಗಿಂತ ಮೇಲಕ್ಕೆ ಮಡಿಚಬೇಕು. ಉಂಗುರ, ಗಡಿಯಾರ, ಕೊರಳ ಸರ, ಶಲ್ಯಗಳನ್ನು ತೆಗೆದಿಡಬೇಕು. ಈಗ ಹೆಣ್ಣುಮಕ್ಕಳೂ ಈ ಕಸಬಿಗೆ ಬರುತ್ತಿರುವದರಿಂದ, ಜಡೆಯನ್ನು ಟೋಪಿಯೊಳಗೆ ಕಟ್ಟಿ ದುಪಟ್ಟಾವನ್ನು ಬದಿಗಿಡಬೇಕೆಂದು ಸೇರಿಸುತ್ತೇವೆ. ಕೈಚೀಲಗಳು ಕೈಯನ್ನು ಕಾಯುವವೆಂದು ಕೆಲವರು ನೆನಸುತ್ತಾರೆ. ತಿರುಗುವ ಯಂತ್ರದ ಬಳಿ ಅವು ಕಾಯುವದಿಲ್ಲ, ಎಳೆಯುತ್ತವೆ. ಕಣ್ಣಿಗೆ ಮಾತ್ರ ರಕ್ಷಣೆಯ ಕನ್ನಡಕ ಯಾವಾಗಲೂ ಇರಬೇಕು.

ಮೂರನೆಯದು. ಚಕ್ಕನ್ನು ಬಿಗಿಯುವ ಕೀಲಿಯನ್ನು ಅದರಲ್ಲಿಯೇ ಬಿಟ್ಟು ಯಂತ್ರವನ್ನು ಹೊರಡಿಸಿದರೆ, ಆ ಕೀಲಿಯು ಕವಣೆಯ ಕಲ್ಲಿನಂತೆ ಹಾರುತ್ತದೆ. ಬಿಗಿದ ಕೈಯೇ ಕೀಲಿಯನ್ನು ತೆಗೆಯಬೇಕು. ಅದು ಚಕ್ಕಿನಲ್ಲಿರುವ ವರೆಗೆ ಕೈ ಅದನ್ನು ಬಿಡಬಾರದು.

ನಾಲ್ಕನೆಯದು. ಅಳೆಯುವ ಮೊದಲು ನಿಲ್ಲಿಸಬೇಕು. ಕೊರೆದ ಚೂರುಗಳು ಉದ್ದವಾದ ಸುರುಳಿಗಳಾಗಿ, ಬಿಸಿಯಾಗಿಯೂ ಕತ್ತಿಯಷ್ಟು ಹರಿತವಾಗಿಯೂ ಇರುತ್ತವೆ. ಯಂತ್ರವನ್ನು ನಿಲ್ಲಿಸಿ, ಕೊಕ್ಕೆಯಿಂದಲೂ ಕುಂಚದಿಂದಲೂ ಅವುಗಳನ್ನು ತೆಗೆಯಬೇಕೇ ಹೊರತು ಬೆರಳಿನಿಂದ ಅಲ್ಲ.

ಐದನೆಯದು. ರಂಧ್ರ ಕೊರೆಯುವಾಗ ತುಂಡನ್ನು ಕೈಯಲ್ಲಿ ಹಿಡಿಯಬಾರದು, ವೈಸಿನಲ್ಲಿ ಬಿಗಿಯಬೇಕು. ಸಾಣೆ ಯಂತ್ರವನ್ನು ಹೊರಡಿಸುವಾಗ ಕಲ್ಲಿನ ಎದುರಿಗೆ ನಿಲ್ಲದೆ ಪಕ್ಕದಲ್ಲಿ ನಿಲ್ಲಬೇಕು. ಕಲ್ಲಿಗೂ ಆಸರೆಗೂ ನಡುವಣ ಸಂದು 3 ಮಿಲಿಮೀಟರ್ ಮೀರಬಾರದು. ಅರಕ್ಕೆ ಹಿಡಿ ಇಲ್ಲದಿದ್ದರೆ ಅದರ ಬಾಲವು ಅಂಗೈಯನ್ನು ತೂರುತ್ತದೆ. ಹಿಡಿ ಹಾಕಿದ ಮೇಲೆಯೇ ಅದನ್ನು ಮುಟ್ಟಬೇಕು.

ಅಳತೆಯಲ್ಲಿಯೂ ಇದೇ ತಾಳ್ಮೆ ಬೇಕು. ಮೈಕ್ರೋಮೀಟರಿನ ತಿರುಪು ಒಂದು ಸುತ್ತಿಗೆ ಅರ್ಧ ಮಿಲಿಮೀಟರ್ ಮುಂದಕ್ಕೆ ಹೋಗುತ್ತದೆ. ಅದರ ಕೊಳವೆಯಲ್ಲಿ 50 ಗೆರೆಗಳುಂಟು. ಆದ್ದರಿಂದ ಒಂದು ಗೆರೆ ಎಂದರೆ ಮಿಲಿಮೀಟರಿನ ನೂರನೆಯ ಒಂದು ಪಾಲು. ಲೇತಿನಲ್ಲಿ ಉಳಿಯು 1 ಮಿಲಿಮೀಟರ್ ಒಳಕ್ಕೆ ಹೋದರೆ ಸಲಾಕೆಯ ದಪ್ಪವು 2 ಮಿಲಿಮೀಟರ್ ಕಡಿಮೆಯಾಗುತ್ತದೆ, ಯಾಕಂದರೆ ಎರಡು ಬದಿಯೂ ಕೊರೆಯಲ್ಪಡುತ್ತದೆ. ಇದನ್ನು ಮರೆತು ಹೊಸಬರು ಎಷ್ಟೋ ತುಂಡುಗಳನ್ನು ಕೆಡಿಸುತ್ತಾರೆ. ದಪ್ಪವಾಗಿ ಉಳಿದದ್ದನ್ನು ಇನ್ನೂ ಕೊರೆಯಬಹುದು. ಹೆಚ್ಚಾಗಿ ಕೊರೆದದ್ದನ್ನು ತಿರಿಗಿ ಸೇರಿಸಲಾಗದು.

ಇಷ್ಟನ್ನು ಬಲ್ಲವರಿಗೂ ಯಾಕೆ ಗಾಯವಾಗುತ್ತದೆ? ಹಳ್ಳಿಯಿಂದ ಬಂದ ಹುಡುಗನೊಬ್ಬನನ್ನು ನೆನಸಿರಿ. ಯಂತ್ರದ ಕಾಪನ್ನು ಯಾರೋ ಬಿಚ್ಚಿಟ್ಟಿದ್ದಾರೆ. ಸಂಜೆಯೊಳಗೆ ನೂರು ತುಂಡುಗಳಾಗಬೇಕೆಂದು ಹೇಳಿದ್ದಾರೆ. ಕೇಳಿದರೆ ನಗುವರೆಂಬ ನಾಚಿಕೆ; ನಿಲ್ಲಿಸಿದರೆ ಕೆಲಸ ಹೋದೀತೆಂಬ ಭಯ; ಊರಲ್ಲಿ ತಾಯಿ ಹಣಕ್ಕಾಗಿ ಕಾದಿದ್ದಾಳೆ. ಅವನು ಅಜ್ಞಾನದಿಂದಲ್ಲ, ನಾಚಿಕೆಯಿಂದ ಬೆರಳನ್ನು ಕಳಕೊಳ್ಳುತ್ತಾನೆ. ನನಗೆ ತಿಳಿಯದು, ತೋರಿಸಿರಿ ಎಂದು ಹೇಳುವದು ಹೇಡಿತನವಲ್ಲ. ಅದು ದೀನತ್ವವು, ದೀನತ್ವವು ಕ್ರಿಸ್ತನ ಶಿಷ್ಯನ ಭೂಷಣವು.

ಆದರೆ ಭಾರವನ್ನೆಲ್ಲಾ ಹುಡುಗನ ಮೇಲೆ ಹೊರಿಸುವದು ನ್ಯಾಯವಲ್ಲ. ಮನೆ ಕಟ್ಟುವವನು ಮಾಳಿಗೆಗೆ ಸುತ್ತುಗೋಡೆ ಕಟ್ಟದೆ ಯಾರಾದರೂ ಬಿದ್ದು ಸತ್ತರೆ, ದೋಷವು ಮನೆಯವನದೆಂದು ಮೋಶೆಯ ಧರ್ಮಶಾಸ್ತ್ರವು ತಿಳಿಸುತ್ತದೆ. ಯಂತ್ರದ ಕಾಪು ಆ ಸುತ್ತುಗೋಡೆಯೇ. ಅಪಾಯದ ಭಾಗಗಳಿಗೆ ಭದ್ರವಾದ ಕಾಪು ಇರಬೇಕೆಂದು 1948ರ ಕಾರ್ಖಾನೆಗಳ ಕಾಯಿದೆಯು ವಿಧಿಸಿತು. ಆದರೆ ವಿದ್ಯುತ್ತಿನಿಂದ ನಡೆಯುವ ಸ್ಥಳಗಳಲ್ಲಿ ಸಾಮಾನ್ಯವಾಗಿ ಹತ್ತು ಮಂದಿ ಕೆಲಸಗಾರರಾದರೂ ಇದ್ದದ್ದನ್ನೇ ಅದು ಕಾರ್ಖಾನೆಯೆಂದು ಎಣಿಸಿತು. ಮೂರು ನಾಲ್ಕು ಮಂದಿಯ ಅಂಗಡಿಯಲ್ಲಿ ಯಜಮಾನನ ಮನಸ್ಸಾಕ್ಷಿಯೇ ದೊಡ್ಡ ಕಾವಲು. ನಮ್ಮವರಲ್ಲಿ ಯಾರಾದರೂ ಅಂಥ ಯಜಮಾನರಾಗಿದ್ದರೆ, ಮೋಶೆಯ ಆ ಮಾತನ್ನು ಯಂತ್ರದ ಮುಂದೆ ನಿಂತು ಓದಲಿ.

ಸಭೆಯ ಹಿರಿಯರೇ, ಹುಡುಗನು ಹಬ್ಬಕ್ಕೆ ಊರಿಗೆ ಬಂದಾಗ ಸಂಬಳವೆಷ್ಟೆಂದು ಎಲ್ಲರೂ ಕೇಳುತ್ತಾರೆ. ನೀವಾದರೋ, ಯಂತ್ರಕ್ಕೆ ಕಾಪು ಉಂಟೋ, ಕಲಿಸುವವರು ಉಂಟೋ, ತಿಳಿಯದಿದ್ದಾಗ ನಿಲ್ಲಿಸುವ ಧೈರ್ಯ ನಿನಗೆ ಉಂಟೋ ಎಂದು ಕೇಳಿರಿ. ಇಲ್ಲವೆಂದರೆ, ಬೇರೆ ಕೆಲಸ ಸಿಕ್ಕುವ ವರೆಗೆ ಅವನ ಮನೆಗೆ ಅಕ್ಕಿಯನ್ನು ಕೊಡಲು ಸಿದ್ಧರಾಗಿರ್ರಿ. ಕೈ ಹೋದ ಮೇಲೆ ಪ್ರಾರ್ಥಿಸುವದಕ್ಕಿಂತ ಅದು ಮೇಲು.

ಆಲೋಚಿಸತಕ್ಕ ಪ್ರಶ್ನೆಗಳು

1. ಬೆಚಲೇಲನ ಕರೆಯೂ ಸಬ್ಬತ್ತಿನ ಆಜ್ಞೆಯೂ ಒಂದೇ ಅಧ್ಯಾಯದಲ್ಲಿರುವದರಿಂದ ನಾವು ಏನು ಕಲಿಯುತ್ತೇವೆ?

2. ತಿರುಗುವ ಯಂತ್ರದ ಬಳಿ ಕೈಚೀಲವನ್ನು ಯಾಕೆ ಹಾಕಬಾರದು?

3. ನಮ್ಮ ಸಭೆಯಿಂದ ಪಟ್ಟಣದ ಕಾರ್ಯಾಗಾರಗಳಿಗೆ ಹೋದವರು ಯಾರು? ಅವರನ್ನು ಕಡೆಯದಾಗಿ ವಿಚಾರಿಸಿದ್ದು ಯಾವಾಗ?